ವಿಷದ ಎಲೆಗೆ ಅಳತೆ ಹುಡುಕಿದ ವೈದ್ಯ: ಡಿಗಾಕ್ಸಿನ್ ಮಾತ್ರೆಯ ಹಿಂದಿರುವ ವಿಲಿಯಂ ವಿದರಿಂಗ್

ಮನೆಯಲ್ಲಿ ಹೃದಯ ದುರ್ಬಲವಾಗಿರುವ ಅಥವಾ ಎದೆಬಡಿತ ಏರುಪೇರಾಗುವ ಹಿರಿಯರಿದ್ದರೆ, ಅವರ ಮಾತ್ರೆ ಡಬ್ಬಿಯಲ್ಲಿ ಡಿಗಾಕ್ಸಿನ್ ಎಂಬ ಪುಟ್ಟ ಮಾತ್ರೆಯನ್ನು ನೀವು ನೋಡಿರಬಹುದು. ಲ್ಯಾನಾಕ್ಸಿನ್ ಎಂಬ ಹೆಸರಿನಲ್ಲೂ ಅದು ಸಿಗುತ್ತದೆ. ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯೊಂದರಲ್ಲಿ 500 ಮಿಲಿಗ್ರಾಂ ಔಷಧಿ ಇರುತ್ತದೆ. ಡಿಗಾಕ್ಸಿನ್ ಮಾತ್ರೆಯಲ್ಲಿ ಇರುವುದು ಸಾಮಾನ್ಯವಾಗಿ 0.25 ಮಿಲಿಗ್ರಾಂ, ಅಂದರೆ ಅದರ ಎರಡು ಸಾವಿರದಲ್ಲಿ ಒಂದು ಪಾಲು. ಅಷ್ಟು ಕಡಿಮೆಯಿದ್ದರೂ ವೈದ್ಯರು ಇದನ್ನು ಬರೆದುಕೊಡುವಾಗ ಹೆಚ್ಚು ಎಚ್ಚರ ಹೇಳುತ್ತಾರೆ. ವಾರದಲ್ಲಿ ಐದು ದಿನ ಮಾತ್ರ ತೆಗೆದುಕೊಂಡು ಎರಡು ದಿನ ಬಿಡಿ ಎಂದು ಹೇಳುವ ವೈದ್ಯರೂ ನಮ್ಮ ದೇಶದಲ್ಲಿ ಇದ್ದಾರೆ.

ಇಷ್ಟು ಜಾಗ್ರತೆ ಏಕೆ? ಡಿಗಾಕ್ಸಿನ್ ಬರುವುದು ಒಂದು ವಿಷದ ಗಿಡದಿಂದ. ಅದು ಗ್ಲೈಕೋಸೈಡ್ ಎಂಬ ಗುಂಪಿಗೆ ಸೇರಿದ ರಾಸಾಯನಿಕ. ಗ್ಲೈಕೋಸೈಡ್ ಎಂದರೆ ಸಕ್ಕರೆಯ ಅಣು ಅಂಟಿಕೊಂಡಿರುವ ಸಂಯುಕ್ತ. ಗಿಡಗಳಲ್ಲಿ ಇಂಥವು ಸಾವಿರಾರು ಇವೆ. ಕೆಲವು ಬಣ್ಣ ಕೊಡುತ್ತವೆ, ಕೆಲವು ಸಿಹಿ ಕೊಡುತ್ತವೆ, ಕೆಲವು ಭೇದಿ ಮಾಡಿಸುತ್ತವೆ, ಇನ್ನು ಕೆಲವು ನೇರವಾಗಿ ಹೃದಯದ ಮೇಲೆ ಕೆಲಸ ಮಾಡುತ್ತವೆ. ಹೃದಯಕ್ಕೆ ನಾಟುವ ಈ ಕೊನೆಯ ಗುಂಪಿನಲ್ಲಿ ಗುಣ ಮಾಡುವ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ.

ಆ ಕಿರಿದಾದ ಅಂತರವನ್ನು ರೋಗಿಯ ಹಾಸಿಗೆಯ ಪಕ್ಕದಲ್ಲಿ ಕುಳಿತು ಹತ್ತು ವರ್ಷ ಅಳೆದವರು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್. ಗ್ಲೈಕೋಸೈಡ್ ಎಂಬ ಪದವೇ ಇಲ್ಲದ ಕಾಲ ಅದು. ಅವರ ಬಳಿ ಇದ್ದದ್ದು ಒಣಗಿದ ಎಲೆ, ತಕ್ಕಡಿ ಮತ್ತು ಒಂದು ನೋಟ್ ಪುಸ್ತಕ.

ಸಸ್ಯಶಾಸ್ತ್ರ ಬೇಡವೆಂದ ವಿದ್ಯಾರ್ಥಿ

ವಿದರಿಂಗ್ ಹುಟ್ಟಿದ್ದು 1741ರ ಮಾರ್ಚ್ 17ರಂದು, ಇಂಗ್ಲೆಂಡಿನ ಶ್ರಾಪ್‌ಷೈರ್ ಪ್ರಾಂತ್ಯದ ವೆಲ್ಲಿಂಗ್ಟನ್ ಎಂಬ ಊರಿನಲ್ಲಿ. ತಂದೆ ಎಡ್ಮಂಡ್ ಔಷಧಿ ತಯಾರಿಸಿ ಕೊಡುತ್ತಿದ್ದ ವೈದ್ಯ. ಬೇರು, ತೊಗಟೆ, ಎಲೆಗಳನ್ನು ಕುಟ್ಟಿ ಪುಡಿ ಮಾಡುವುದು, ಕಷಾಯ ಕಾಯಿಸುವುದು ಹುಡುಗನಿಗೆ ಚಿಕ್ಕಂದಿನಿಂದಲೇ ಪರಿಚಯ. ತಂದೆಯ ಬಳಿ ಕೆಲಸ ಕಲಿತ ಮೇಲೆ 1762ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋಗೆ ವೈದ್ಯಕೀಯ ಓದಲು ಹೋದರು. ಆ ಕಾಲಕ್ಕೆ ಬ್ರಿಟನ್ನಿನಲ್ಲಿ ವೈದ್ಯ ಶಿಕ್ಷಣಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ. 1766ರಲ್ಲಿ ಪದವಿ ಪಡೆದರು.

ಅಲ್ಲಿ ಸಸ್ಯಶಾಸ್ತ್ರ ಕಡ್ಡಾಯ ಪಾಠಗಳಲ್ಲಿ ಒಂದು. ಚೆನ್ನಾಗಿ ಕಲಿತವರಿಗೆ ಚಿನ್ನದ ಪದಕವನ್ನೂ ಕೊಡುತ್ತಿದ್ದರು. ಆದರೆ ವಿದರಿಂಗ್‌ಗೆ ಆ ವಿಷಯ ಹಿಡಿಸಲಿಲ್ಲ. ಪದಕದ ಆಸೆಯೂ ತನ್ನನ್ನು ಆ ಕಡೆ ಸೆಳೆಯದು ಎಂಬರ್ಥದಲ್ಲಿ ಮನೆಗೆ ಪತ್ರ ಬರೆದಿದ್ದರು.

ಮುಂದೆ ಸ್ಟ್ಯಾಫರ್ಡ್ ಎಂಬ ಸಣ್ಣ ಊರಿನಲ್ಲಿ ವೃತ್ತಿ ಆರಂಭಿಸಿದಾಗ ಅವರ ಮನಸ್ಸು ಬದಲಾಯಿತು. ಅಲ್ಲಿ ಹೆಲೆನಾ ಕುಕ್ಸ್ ಎಂಬ ಯುವತಿ ಅವರ ಬಳಿ ಚಿಕಿತ್ಸೆಗೆ ಬಂದರು. ಆಕೆಗೆ ಹೂಗಿಡಗಳ ಚಿತ್ರ ಬರೆಯುವ ಹವ್ಯಾಸವಿತ್ತು. ಆಕೆಗಾಗಿ ಹೊಲಬದಿಯ ಗಿಡಗಳನ್ನು ಹುಡುಕಿ ತರುತ್ತಾ ತರುತ್ತಾ ವಿದರಿಂಗ್ ಗಿಡಗಳನ್ನು ಗಮನಿಸಿ ನೋಡುವುದನ್ನು ಕಲಿತರು. 1772ರಲ್ಲಿ ಇಬ್ಬರ ಮದುವೆಯಾಯಿತು. ನಾಲ್ಕು ವರ್ಷಗಳ ನಂತರ, 1776ರಲ್ಲಿ, ಬ್ರಿಟನ್ನಿನಲ್ಲಿ ತಾನಾಗಿ ಬೆಳೆಯುವ ಗಿಡಗಳನ್ನೆಲ್ಲ ವರ್ಗೀಕರಿಸಿದ ದೊಡ್ಡ ಪುಸ್ತಕವನ್ನೇ ಅವರು ಹೊರತಂದರು. ಲ್ಯಾಟಿನ್ ಬಾರದವರೂ ಓದಲಿ ಎಂದು ಅದನ್ನು ಇಂಗ್ಲಿಷಿನಲ್ಲಿ ಬರೆದರು. ಹೂವಿನ ಗಂಡು ಹೆಣ್ಣು ಭಾಗಗಳನ್ನು ನೇರವಾಗಿ ಹೆಸರಿಸಿದರೆ ಹೆಂಗಸರು ಓದಲು ಮುಜುಗರಪಡಬಹುದು ಎಂದು ಬೇರೆ ಪದಗಳನ್ನು ಬಳಸಿದರು. ಆ ಪುಸ್ತಕ ಅವರ ಕಾಲದ ನಂತರವೂ ಹಲವು ಆವೃತ್ತಿಗಳನ್ನು ಕಂಡಿತು.

ಮೈಗೆ ನೀರು ತುಂಬುವ ಕಾಯಿಲೆ

1775ರಲ್ಲಿ ವಿದರಿಂಗ್ ಕುಟುಂಬ ಬರ್ಮಿಂಗ್‌ಹ್ಯಾಮ್‌ಗೆ ಬಂತು. ಅಲ್ಲಿದ್ದ ಹೆಸರಾಂತ ವೈದ್ಯರೊಬ್ಬರು ತೀರಿಕೊಂಡು ಜಾಗ ಖಾಲಿಯಾಗಿತ್ತು. ಬರುವಂತೆ ಸಲಹೆ ಕೊಟ್ಟವರು ವೈದ್ಯ ಎರಾಸ್ಮಸ್ ಡಾರ್ವಿನ್, ಅಂದರೆ ವಿಕಾಸವಾದದ ಚಾರ್ಲ್ಸ್ ಡಾರ್ವಿನ್ ಅವರ ಅಜ್ಜ. ಬರ್ಮಿಂಗ್‌ಹ್ಯಾಮ್ ಆಗ ಕಾರ್ಖಾನೆಗಳ ಊರಾಗಿ ವೇಗವಾಗಿ ಬೆಳೆಯುತ್ತಿತ್ತು. ಉಗಿಯಂತ್ರದ ಜೇಮ್ಸ್ ವಾಟ್, ಆಮ್ಲಜನಕದ ಸಂಶೋಧನೆಯ ಜೋಸೆಫ್ ಪ್ರೀಸ್ಟ್ಲಿ, ಕುಂಬಾರಿಕೆಯ ಉದ್ಯಮಿ ಜೊಸಾಯಾ ವೆಜ್‌ವುಡ್ ಮೊದಲಾದವರು ಸೇರುತ್ತಿದ್ದ ಲೂನಾರ್ ಸೊಸೈಟಿ ಎಂಬ ಗೆಳೆಯರ ಕೂಟ ಅಲ್ಲಿತ್ತು. ರಾತ್ರಿ ಮನೆಗೆ ಮರಳಲು ಬೆಳದಿಂಗಳು ಇರಲಿ ಎಂದು ಹುಣ್ಣಿಮೆಯ ಆಸುಪಾಸಿನಲ್ಲಿ ಅವರು ಸೇರುತ್ತಿದ್ದರು. ವಿದರಿಂಗ್ ಕೂಡ ಆ ಕೂಟದವರಾದರು.

ಹಣವಂತ ರೋಗಿಗಳ ಜೊತೆಗೆ ಅವರು ದಿನಕ್ಕೆ ಒಂದು ಗಂಟೆಯನ್ನು ಬಡವರಿಗೆ ಉಚಿತವಾಗಿ ಸಲಹೆ ಕೊಡಲು ಮೀಸಲಿಟ್ಟರು. ಹೀಗೆ ವರ್ಷಕ್ಕೆ ಎರಡರಿಂದ ಮೂರು ಸಾವಿರ ಮಂದಿ ಅವರ ಬಳಿ ಬರುತ್ತಿದ್ದರು. ಅವರಲ್ಲಿ ಅನೇಕರಿಗೆ ಇದ್ದದ್ದು ಡ್ರಾಪ್ಸಿ ಎಂದು ಆಗ ಕರೆಯುತ್ತಿದ್ದ ಕಾಯಿಲೆ. ಕಾಲು ಊದಿಕೊಳ್ಳುತ್ತದೆ, ಹೊಟ್ಟೆಗೆ ನೀರು ತುಂಬುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ, ಮೂತ್ರ ಕಡಿಮೆಯಾಗುತ್ತದೆ. ಇದು ಒಂದೇ ಕಾಯಿಲೆಯಲ್ಲ, ಹಲವು ಕಾಯಿಲೆಗಳು ತೋರಿಸುವ ಲಕ್ಷಣ ಎಂದು ಇಂದು ನಮಗೆ ಗೊತ್ತು. ಹೃದಯ, ಕಿಡ್ನಿ, ಲಿವರ್ ಯಾವುದು ಸೋತರೂ ಮೈಗೆ ನೀರು ತುಂಬಬಹುದು. ಆಗ ಅದನ್ನು ಬೇರ್ಪಡಿಸಿ ನೋಡುವ ದಾರಿ ಇರಲಿಲ್ಲ. ಸ್ಟೆತಾಸ್ಕೋಪ್ ಕೂಡ ಬಂದಿರಲಿಲ್ಲ.

ಅದೇ 1775ರಲ್ಲಿ ಒಂದು ಮನೆಮದ್ದಿನ ಬಗ್ಗೆ ಅವರ ಅಭಿಪ್ರಾಯ ಕೇಳಲಾಯಿತು. ಶ್ರಾಪ್‌ಷೈರಿನ ಒಬ್ಬ ಮುದುಕಿ ಅದನ್ನು ಬಹಳ ಕಾಲದಿಂದ ಗುಟ್ಟಾಗಿ ಇಟ್ಟುಕೊಂಡಿದ್ದಳು. ಓದಿದ ವೈದ್ಯರು ಕೈಬಿಟ್ಟ ಡ್ರಾಪ್ಸಿ ರೋಗಿಗಳು ಕೆಲವೊಮ್ಮೆ ಆ ಮದ್ದಿನಿಂದ ಚೇತರಿಸಿಕೊಂಡಿದ್ದರು. ಜೊತೆಗೆ ಜೋರಾದ ವಾಂತಿ ಭೇದಿಯೂ ಆಗುತ್ತಿತ್ತು. ಅದರಲ್ಲಿ ಇಪ್ಪತ್ತು ಅಥವಾ ಅದಕ್ಕಿಂತ ಹೆಚ್ಚು ಗಿಡಮೂಲಿಕೆಗಳಿದ್ದವು. ಗಿಡಗಳನ್ನು ಬಲ್ಲ ವಿದರಿಂಗ್‌ಗೆ ಪಟ್ಟಿ ನೋಡುತ್ತಲೇ ಕೆಲಸ ಮಾಡುತ್ತಿರುವ ಗಿಡ ಯಾವುದೆಂದು ಹೊಳೆಯಿತು. ಅದು ಫಾಕ್ಸ್‌ಗ್ಲೋವ್. ಸಸ್ಯಶಾಸ್ತ್ರದ ಹೆಸರು ಡಿಜಿಟಾಲಿಸ್ ಪರ್ಪ್ಯೂರಿಯಾ. ಯುರೋಪಿನ ಕಾಡಂಚಿನಲ್ಲಿ, ಬೇಲಿ ಬದಿಯಲ್ಲಿ ಆಳೆತ್ತರಕ್ಕೆ ಬೆಳೆದು, ಬೆರಳಿಗೆ ತೊಡಿಸುವ ಟೋಪಿಯಂಥ ನೇರಳೆ ಹೂಗಳನ್ನು ಬಿಡುವ ಗಿಡ.

ಈ ಮುದುಕಿಯ ಹೆಸರು ಮದರ್ ಹಟನ್ ಎಂದು ಅನೇಕ ಕಡೆ ನೀವು ಓದಬಹುದು. ಆಕೆ ವಿದರಿಂಗ್‌ಗೆ ಗಿಡ ತೋರಿಸುತ್ತಿರುವ ಚಿತ್ರವೂ ಸಿಗುತ್ತದೆ. ಆದರೆ ವಿದರಿಂಗ್ ಆಕೆಯ ಹೆಸರನ್ನು ಎಲ್ಲೂ ಬರೆದಿಲ್ಲ. ಆ ಹೆಸರು ಮತ್ತು ಚಿತ್ರ 20ನೇ ಶತಮಾನದ ಔಷಧ ಕಂಪನಿಯೊಂದರ ಜಾಹೀರಾತಿನಿಂದ ಹರಡಿದವು. ಆ ಹೆಂಗಸಿನ ನಿಜವಾದ ಹೆಸರು ಎಲ್ಲೂ ದಾಖಲಾಗದೆ ಹೋಯಿತು.

ಹತ್ತು ವರ್ಷದ ಅಳತೆ

ಗಿಡವನ್ನು ಗುರುತಿಸಿದ್ದು ಸುಲಭದ ಭಾಗ. ಫಾಕ್ಸ್‌ಗ್ಲೋವ್ ಹಳ್ಳಿಯ ಮದ್ದಾಗಿ ಮೊದಲಿನಿಂದಲೂ ಬಳಕೆಯಲ್ಲಿತ್ತು, ಅದರ ವಿಷದ ಗುಣವೂ ಜನರಿಗೆ ತಿಳಿದಿತ್ತು. ಕಷ್ಟವಿದ್ದದ್ದು ಮುಂದೆ. ಯಾವ ಭಾಗ ಬಳಸಬೇಕು? ಯಾವಾಗ ಕೀಳಬೇಕು? ಎಷ್ಟು ಕೊಡಬೇಕು? ಯಾವಾಗ ನಿಲ್ಲಿಸಬೇಕು?

1775ರ ಡಿಸೆಂಬರಿನಲ್ಲಿ ಸುಮಾರು 50 ವರ್ಷದ ಒಬ್ಬ ವ್ಯಕ್ತಿ ಅವರ ಬಳಿ ಬಂದ. ಹಿಂದೆ ಮನೆ ಕಟ್ಟಿಸುವ ಕೆಲಸ ಮಾಡಿ, ಈಗ ಬಡತನಕ್ಕೆ ಬಿದ್ದವನು. ಉಸಿರು ಏದುಸಿರು, ಮುಖ ಬತ್ತಿತ್ತು, ಹೊಟ್ಟೆಯಲ್ಲಿ ನೀರು ಅಲುಗಾಡುವುದು ಕೈಗೆ ಸಿಗುತ್ತಿತ್ತು. ವಿದರಿಂಗ್ ಹಸಿ ಎಲೆಯ ಕಷಾಯ ಕೊಟ್ಟರು. ಆತನಿಗೆ ಧಾರಾಳವಾಗಿ ಮೂತ್ರ ಹೋಯಿತು, ಉಸಿರಾಟ ನಿಧಾನವಾಗಿ ಸಲೀಸಾಯಿತು, ಹೊಟ್ಟೆ ಇಳಿಯಿತು. ಸುಮಾರು ಹತ್ತು ದಿನಗಳಲ್ಲಿ ಊಟ ಮಾಡತೊಡಗಿದ. ಅವರ ದಾಖಲೆಯ ಮೊದಲ ಕೇಸ್ ಇದು.

ಕೇಸುಗಳು ಸಲೀಸಾಗಿರಲಿಲ್ಲ. ಆರಂಭದಲ್ಲಿ ಕೊಟ್ಟ ಪ್ರಮಾಣ ಹೆಚ್ಚಾಗಿ ರೋಗಿಗಳು ವಾಂತಿಯಿಂದ ಬಳಲಿದರು. ಒಬ್ಬರಿಗೆ ಒಗ್ಗಿದ ಪ್ರಮಾಣ ಇನ್ನೊಬ್ಬರಿಗೆ ಅತಿಯಾಯಿತು. ಬೇರನ್ನು ಬಳಸಿ ಗುಣ ಕಂಡವರ ಸುದ್ದಿಯೂ ಅವರಿಗೆ ಬಂದಿತ್ತು. ಆದರೆ ಬೇರಿನ ಶಕ್ತಿ ಋತುವಿನಿಂದ ಋತುವಿಗೆ ಬದಲಾಗುತ್ತದೆ ಎಂದು ಅವರಿಗೆ ಅನ್ನಿಸಿತು. ಎಲೆಯಲ್ಲೂ ವರ್ಷದ ಬೇರೆ ಬೇರೆ ಕಾಲದಲ್ಲಿ ಕಿತ್ತರೆ ಶಕ್ತಿ ಒಂದೇ ಇರುವುದಿಲ್ಲ. ಹಾಗಾಗಿ ಒಂದು ನಿಯಮ ಮಾಡಿಕೊಂಡರು. ಗಿಡ ಹೂ ಬಿಡುವ ಹೊತ್ತಿನಲ್ಲಿ ಮಾತ್ರ ಎಲೆ ಕೀಳುವುದು, ತೊಟ್ಟು ಮತ್ತು ನಡುನರವನ್ನು ತೆಗೆದುಹಾಕುವುದು, ಎಲೆಯನ್ನು ಒಣಗಿಸಿ ಪುಡಿ ಮಾಡುವುದು. ಕಷಾಯ ಬಿಟ್ಟು, ತೂಗಬಹುದಾದ ಪುಡಿಗೆ ಅವರು ಬಂದದ್ದು ಹೀಗೆ. ದೊಡ್ಡವರಿಗೆ ದಿನಕ್ಕೆ ಎರಡು ಸಲ, ಸಲಕ್ಕೆ ಒಂದರಿಂದ ಮೂರು ಗ್ರೇನ್. ಇಂದಿನ ಲೆಕ್ಕದಲ್ಲಿ ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ ಒಣ ಎಲೆಯ ಪುಡಿ.

ಎರಡನೇ ನಿಯಮ ಇನ್ನೂ ಮುಖ್ಯ. ಮೂತ್ರ, ಹೊಟ್ಟೆ, ನಾಡಿ, ಕರುಳು ಈ ನಾಲ್ಕರಲ್ಲಿ ಯಾವುದಾದರೂ ಒಂದರ ಮೇಲೆ ಔಷಧಿಯ ಪ್ರಭಾವ ಕಾಣುವವರೆಗೆ ಮಾತ್ರ ಕೊಡಬೇಕು, ಕಂಡ ಕೂಡಲೇ ನಿಲ್ಲಿಸಬೇಕು. ವಾಂತಿಯಾದರೆ ಮದ್ದು ನಾಟುತ್ತಿದೆ ಎಂದು ನಂಬುತ್ತಿದ್ದ ಕಾಲದಲ್ಲಿ ಇದು ಹೊಸ ಮಾತು.

ಅತಿಯಾದಾಗ ಏನಾಗುತ್ತದೆ ಎಂಬುದನ್ನೂ ಅವರು ಒಂದೊಂದಾಗಿ ಬರೆದಿಟ್ಟರು. ವಾಕರಿಕೆ, ವಾಂತಿ, ಭೇದಿ, ತಲೆಸುತ್ತು, ನೋಟ ಮಸುಕಾಗುವುದು, ವಸ್ತುಗಳು ಹಳದಿಯಾಗಿ ಅಥವಾ ಹಸಿರಾಗಿ ಕಾಣುವುದು, ನಾಡಿ ನಿಮಿಷಕ್ಕೆ 35ಕ್ಕೆ ಇಳಿಯುವುದು, ತಣ್ಣನೆಯ ಬೆವರು, ಸೆಳೆತ, ಎಚ್ಚರ ತಪ್ಪುವುದು, ಸಾವು. ಇಂದಿನ ವೈದ್ಯರು ಡಿಗಾಕ್ಸಿನ್ ಅತಿಯಾದಾಗ ಹುಡುಕುವ ಲಕ್ಷಣಗಳೂ ಹೆಚ್ಚುಕಡಿಮೆ ಇವೇ.

ಒಮ್ಮೆ ಅವರನ್ನು ಯಾರ್ಕ್‌ಷೈರಿನಿಂದ ಬಂದಿದ್ದ ಒಬ್ಬ ಪ್ರಯಾಣಿಕನನ್ನು ನೋಡಲು ಕರೆದರು. ಆತ ಬಿಡದೆ ವಾಂತಿ ಮಾಡುತ್ತಿದ್ದ, ಕಣ್ಣು ಮಂಜಾಗಿತ್ತು, ನಾಡಿ 40ಕ್ಕೆ ಬಂದಿತ್ತು. ವಿಚಾರಿಸಿದಾಗ ವಿಷಯ ಗೊತ್ತಾಯಿತು. ಗಂಡನ ಉಬ್ಬಸ ವಾಸಿಯಾಗಲೆಂದು ಹೆಂಡತಿ ಒಂದು ದೊಡ್ಡ ಹಿಡಿ ಫಾಕ್ಸ್‌ಗ್ಲೋವ್ ಎಲೆ ಬೇಯಿಸಿ, ಆ ರಸವನ್ನು ಒಂದೇ ಗುಟುಕಿಗೆ ಕುಡಿಸಿದ್ದಳು. ಆತ ಬದುಕಿದ್ದು ಅದೃಷ್ಟ. ಆ ಹೆಂಗಸು ಹಿಡಿದ ಎಲೆ ಸರಿಯಾದದ್ದೇ, ಹಿಡಿಯಷ್ಟು ಎಂಬ ಅಳತೆಯೇ ಅಪಾಯ ತಂದದ್ದು. ಗಿಡಮೂಲಿಕೆಯ ಬಗ್ಗೆ ಇಂದಿಗೂ ನಾವು ಮಾಡುವ ತಪ್ಪು ಇದೇ.

ಸೋತ ಕೇಸುಗಳನ್ನೂ ಬರೆದ ಪುಸ್ತಕ

ಅಷ್ಟರಲ್ಲಿ ಮದ್ದಿನ ಸುದ್ದಿ ಹರಡಿತ್ತು. ಎಡಿನ್‌ಬರೋದ ಅಧಿಕೃತ ಔಷಧ ಗ್ರಂಥದ 1783ರ ಆವೃತ್ತಿಗೂ ಡಿಜಿಟಾಲಿಸ್ ಸೇರಿತು. ಆದರೆ ಬೇರೆ ವೈದ್ಯರು ಬಹಳ ದೊಡ್ಡ ಪ್ರಮಾಣದಲ್ಲಿ ಕೊಡುತ್ತಿದ್ದಾರೆ ಎಂಬ ಸುದ್ದಿ ವಿದರಿಂಗ್ ಕಿವಿಗೆ ಬಿತ್ತು. ಅವರಿಗೆ ಎರಡು ಭಯಗಳಿದ್ದವು. ಅಜಾಗರೂಕತೆಯಿಂದ ಜನ ಸಾಯಬಹುದು. ಇಲ್ಲವೇ ಆ ಸಾವುಗಳನ್ನು ನೋಡಿ ಇಷ್ಟು ಒಳ್ಳೆಯ ಔಷಧಿಯನ್ನು ಅಪಾಯಕಾರಿಯೆಂದು ಮೂಲೆಗೆ ತಳ್ಳಬಹುದು. ಪೂರ್ತಿ ತಿಳಿದ ಮೇಲೆ ಬರೆಯೋಣ ಎಂದು ಕಾಯುವುದು ಸರಿಯಲ್ಲ ಎನ್ನಿಸಿತು.

1785ರಲ್ಲಿ ಫಾಕ್ಸ್‌ಗ್ಲೋವ್ ಬಗೆಗಿನ ಅವರ ಪುಸ್ತಕ ಪ್ರಕಟವಾಯಿತು. ಅದರಲ್ಲಿ ಅವರೇ ಚಿಕಿತ್ಸೆ ಮಾಡಿದ 163 ರೋಗಿಗಳ ವಿವರಗಳಿವೆ. ಗುಣವಾದವರನ್ನು ಮಾತ್ರ ಆರಿಸಿ ಬರೆದಿದ್ದರೆ ಔಷಧಿಗೂ ಅವರ ಹೆಸರಿಗೂ ಹೊಳಪು ಬರುತ್ತಿತ್ತು. ಅವರು ಹಾಗೆ ಮಾಡಲಿಲ್ಲ. ಫಲ ಸಿಗದ ಕೇಸ್, ಅತಿಯಾಗಿ ಕೊಟ್ಟ ಕೇಸ್, ಸತ್ತವರ ಕೇಸ್ ಎಲ್ಲವನ್ನೂ ಸೇರಿಸಿದರು. ಅದರಿಂದಲೇ ಅವರಿಗೊಂದು ಮಾದರಿ ಕಂಡಿತು. ನಾಡಿ ದುರ್ಬಲವಾಗಿ, ತಪ್ಪಿ ತಪ್ಪಿ ಬಡಿಯುವ ರೋಗಿಗಳಿಗೆ ಔಷಧಿ ಹಿಡಿಯುತ್ತಿತ್ತು. ಗಟ್ಟಿ ಮೈಯ, ಬಿಗಿಯಾದ ನಾಡಿಯ ರೋಗಿಗಳಿಗೆ ಹಿಡಿಯುತ್ತಿರಲಿಲ್ಲ. ಅವರು ಇದನ್ನು ಮುಖ್ಯವಾಗಿ ಮೂತ್ರ ಇಳಿಸುವ ಮದ್ದೆಂದೇ ತಿಳಿದಿದ್ದರು. ಆದರೂ ಬೇರಾವ ಔಷಧಿಗೂ ಇಲ್ಲದಷ್ಟು ಹಿಡಿತ ಇದಕ್ಕೆ ಹೃದಯದ ಬಡಿತದ ಮೇಲೆ ಇದೆ ಎಂಬುದನ್ನು ಗಮನಿಸಿ, ಮುಂದೆ ಅದು ಉಪಯೋಗಕ್ಕೆ ಬರಬಹುದು ಎಂದು ಬರೆದಿಟ್ಟರು.

ಇಂದಿನ ಕಣ್ಣಿನಿಂದ ನೋಡಿದರೆ ಒಂದು ಪ್ರಶ್ನೆ ಏಳುತ್ತದೆ. ಆರಂಭದ ಅನೇಕ ಪ್ರಯೋಗಗಳು ನಡೆದದ್ದು ಉಚಿತ ಚಿಕಿತ್ಸೆಗೆ ಬಂದ ಬಡವರ ಮೇಲೆ. ಈಗಿನಂತೆ ಒಪ್ಪಿಗೆ ಪತ್ರ, ನೈತಿಕ ಸಮಿತಿ ಯಾವುದೂ ಆಗ ಇರಲಿಲ್ಲ. ನಾವು ಇಂದು ನುಂಗುವ ಮಾತ್ರೆಯ ಅಳತೆಗೆ ಮೊದಲ ಬೆಲೆ ತೆತ್ತವರಲ್ಲಿ ಆ ಹೆಸರಿಲ್ಲದ ಬಡವರೂ ಸೇರಿದ್ದಾರೆ.

ಜಗಳ, ಗಲಭೆ, ಕ್ಷಯ

ಅವರ ಕೊನೆಯ ವರ್ಷಗಳು ನೆಮ್ಮದಿಯವಾಗಿರಲಿಲ್ಲ. ಬರ್ಮಿಂಗ್‌ಹ್ಯಾಮ್‌ಗೆ ಕರೆತಂದ ಎರಾಸ್ಮಸ್ ಡಾರ್ವಿನ್ ಜೊತೆಗಿನ ಸ್ನೇಹ ಹಳಸಿತು. ಎಡಿನ್‌ಬರೋದಲ್ಲಿ ವೈದ್ಯಕೀಯ ಓದುತ್ತಿದ್ದಾಗ ತೀರಿಕೊಂಡ ಮಗನ ಪ್ರಬಂಧವನ್ನು ಡಾರ್ವಿನ್ 1780ರಲ್ಲಿ ಅಚ್ಚು ಹಾಕಿಸಿದಾಗ, ಜೊತೆಗೆ ಫಾಕ್ಸ್‌ಗ್ಲೋವ್ ಕೊಟ್ಟ ಕೇಸುಗಳನ್ನೂ ಸೇರಿಸಿದ್ದರು. ಅದರಲ್ಲಿ ವಿದರಿಂಗ್ ಹೆಸರು ಇರಲಿಲ್ಲ. ಅಚ್ಚಾದ ದಿನಾಂಕ ನೋಡಿದರೆ ಡಾರ್ವಿನ್ ಮೊದಲು, ಕೆಲಸ ಆರಂಭವಾದದ್ದು ನೋಡಿದರೆ ವಿದರಿಂಗ್ ಮೊದಲು. ಮುಂದೆ ಡಾರ್ವಿನ್ನರ ಇನ್ನೊಬ್ಬ ಮಗನ ಜೊತೆಗೂ ಒಬ್ಬ ರೋಗಿಯ ವಿಚಾರದಲ್ಲಿ ಬಹಿರಂಗ ಜಗಳವಾಯಿತು.

1791ರ ಜುಲೈನಲ್ಲಿ ಪ್ರೀಸ್ಟ್ಲಿ ಮತ್ತು ಅವರ ಗೆಳೆಯರ ವಿರುದ್ಧ ಬರ್ಮಿಂಗ್‌ಹ್ಯಾಮ್‌ನಲ್ಲಿ ಗಲಭೆ ಎದ್ದಿತು. ಪ್ರೀಸ್ಟ್ಲಿಯವರ ಮನೆ, ಪ್ರಯೋಗಾಲಯ ಸುಟ್ಟುಹೋದವು. ವಿದರಿಂಗ್ ಆಗ ವಾಸವಿದ್ದ ಎಡ್ಜ್‌ಬ್ಯಾಸ್ಟನ್ ಹಾಲ್ ಎಂಬ ಮನೆಗೂ ಗುಂಪು ನುಗ್ಗಿ ಬಂತು. ಸೈನಿಕರು ಬಂದದ್ದರಿಂದ ಮನೆ ಉಳಿಯಿತು.

ಇದೆಲ್ಲಕ್ಕಿಂತ ದೊಡ್ಡ ಕಾಟ ಅವರ ಎದೆಯಲ್ಲೇ ಇತ್ತು. ವರ್ಷಗಳಿಂದ ಕ್ಷಯರೋಗ ಅವರನ್ನು ಕಾಡುತ್ತಿತ್ತು. ಇಂಗ್ಲೆಂಡಿನ ಚಳಿ ತಪ್ಪಿಸಿಕೊಳ್ಳಲು ಎರಡು ಚಳಿಗಾಲ ಪೋರ್ಚುಗಲ್‌ನ ಲಿಸ್ಬನ್‌ನಲ್ಲಿ ಕಳೆದರು. ಅಲ್ಲೂ ಸುಮ್ಮನೆ ಕೂರದೆ ಬಿಸಿನೀರಿನ ಬುಗ್ಗೆಯೊಂದರ ನೀರನ್ನು ಪರೀಕ್ಷಿಸಿ ವರದಿ ಬರೆದರು. ಖನಿಜಗಳ ಬಗ್ಗೆಯೂ ಅವರಿಗೆ ಆಸಕ್ತಿಯಿತ್ತು. ಬೇರಿಯಂ ಕಾರ್ಬೊನೇಟ್ ಖನಿಜಕ್ಕೆ ಅವರ ಗೌರವಾರ್ಥ ವಿದರೈಟ್ ಎಂಬ ಹೆಸರಿದೆ. 1799ರ ಅಕ್ಟೋಬರ್ 6ರಂದು, 58ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಎಡ್ಜ್‌ಬ್ಯಾಸ್ಟನ್‌ನ ಹಳೆಯ ಚರ್ಚಿನಲ್ಲಿರುವ ಅವರ ಸ್ಮಾರಕದಲ್ಲಿ ಫಾಕ್ಸ್‌ಗ್ಲೋವ್ ಗಿಡವನ್ನು ಕೆತ್ತಲಾಗಿದೆ.

ಎಲೆಯೊಳಗೆ ಏನಿತ್ತು?

ಅವರ ನಂತರದ ವೈದ್ಯರು ಎಚ್ಚರಿಕೆಯನ್ನು ಮರೆತರು. 19ನೇ ಶತಮಾನದಲ್ಲಿ ಜ್ವರಕ್ಕೂ ಕ್ಷಯಕ್ಕೂ ಡಿಜಿಟಾಲಿಸ್ ಕೊಟ್ಟರು. ಇನ್ನೊಂದು ಕಡೆ ರಸಾಯನಶಾಸ್ತ್ರಜ್ಞರು ಎಲೆಯೊಳಗಿನ ಸಾರವನ್ನು ಹುಡುಕುತ್ತಿದ್ದರು. ಫ್ರಾನ್ಸಿನ ನಾಟಿವೆಲ್ 1860ರ ದಶಕದ ಕೊನೆಯಲ್ಲಿ ಅದನ್ನು ಹರಳಿನ ರೂಪದಲ್ಲಿ ಪಡೆದರು. 1875ರಲ್ಲಿ ಜರ್ಮನಿಯ ಶ್ಮೀಡೆಬರ್ಗ್ ಡಿಜಿಟಾಕ್ಸಿನ್ ಎಂಬ ಶುದ್ಧ ವಸ್ತುವನ್ನು ಬೇರ್ಪಡಿಸಿದರು. 1930ರಲ್ಲಿ ಬ್ರಿಟನ್ನಿನ ಸಿಡ್ನಿ ಸ್ಮಿತ್ ಈ ಗಿಡದ ಸೋದರ ಜಾತಿಯಾದ ಡಿಜಿಟಾಲಿಸ್ ಲನಾಟಾದಿಂದ ಡಿಗಾಕ್ಸಿನ್ ತೆಗೆದರು. ಇಂದು ನಮ್ಮ ಔಷಧಿ ಅಂಗಡಿಯಲ್ಲಿ ಸಿಗುವುದು ಅದೇ.

ಈ ಅಣುವಿಗೆ ಎರಡು ಭಾಗಗಳಿವೆ. ಒಂದು ಸ್ಟೆರಾಯ್ಡ್ ಜಾತಿಯ ಭಾಗ. ಹೃದಯದ ಮೇಲೆ ಕೆಲಸ ಮಾಡುವ ಶಕ್ತಿ ಇರುವುದು ಇದರಲ್ಲಿ. ಇನ್ನೊಂದು, ಅದಕ್ಕೆ ಸರಪಳಿಯಂತೆ ಅಂಟಿಕೊಂಡ ಸಕ್ಕರೆಗಳು. ಡಿಗಾಕ್ಸಿನ್‌ನಲ್ಲಿ ಡಿಜಿಟಾಕ್ಸೋಸ್ ಎಂಬ ಸಕ್ಕರೆ ಮೂರಿವೆ. ಇದು ನಾವು ಕಾಫಿಗೆ ಹಾಕುವ ಸಕ್ಕರೆಯಲ್ಲ. ಶುಗರ್ ಕಾಯಿಲೆ ಇರುವವರು ಇದಕ್ಕೆ ಹೆದರಬೇಕಾಗಿಲ್ಲ. ಔಷಧಿ ನೀರಿನಲ್ಲಿ ಎಷ್ಟು ಕರಗುತ್ತದೆ, ರಕ್ತಕ್ಕೆ ಎಷ್ಟು ಸೇರುತ್ತದೆ, ಮೈಯಲ್ಲಿ ಎಷ್ಟು ಹೊತ್ತು ಉಳಿಯುತ್ತದೆ ಎಂಬುದರಲ್ಲಿ ಈ ಸಕ್ಕರೆಗಳ ಪಾತ್ರವಿದೆ. ಹಸಿ ಎಲೆಯಲ್ಲಿ ಇನ್ನೂ ಒಂದು ಸಕ್ಕರೆ, ಗ್ಲೂಕೋಸ್, ಹೆಚ್ಚಾಗಿ ಅಂಟಿರುತ್ತದೆ. ಎಲೆ ಒಣಗುವಾಗ ಗಿಡದ್ದೇ ಕಿಣ್ವ ಅದನ್ನು ಕತ್ತರಿಸುತ್ತದೆ. ಕೀಳುವ ಕಾಲ, ಒಣಗಿಸುವ ರೀತಿ ಬದಲಾದರೆ ಎಲೆಯ ಶಕ್ತಿಯೂ ಬದಲಾಗುತ್ತದೆ ಎಂದು ವಿದರಿಂಗ್ ಕಂಡುಕೊಂಡದ್ದು ಸುಳ್ಳಲ್ಲ.

ಗಿಡಗಳು ಹೀಗೆ ಸಕ್ಕರೆ ಅಂಟಿಸುವುದು ತಮ್ಮ ರಕ್ಷಣೆಗೆ. ಕಟುವಾದ ವಸ್ತುವನ್ನು ಸಕ್ಕರೆಗೆ ಕಟ್ಟಿ ಒಂದು ಕಡೆ, ಅದನ್ನು ಬಿಡಿಸುವ ಕಿಣ್ವವನ್ನು ಇನ್ನೊಂದು ಕಡೆ ಇಡುತ್ತವೆ. ಇದನ್ನು ನೀವು ಅಡುಗೆಮನೆಯಲ್ಲೇ ನೋಡಬಹುದು. ಸಾಸಿವೆ ಕಾಳು ಸುಮ್ಮನೆ ಡಬ್ಬಿಯಲ್ಲಿದ್ದಾಗ ಘಾಟಿಲ್ಲ. ನೀರು ಹಾಕಿ ಅರೆದಾಗ ಕಿಣ್ವವೂ ಗ್ಲೈಕೋಸೈಡೂ ಸೇರಿ, ಸಕ್ಕರೆ ಕಳಚಿ, ಮೂಗಿಗೆ ಹತ್ತುವ ಘಾಟು ಹುಟ್ಟುತ್ತದೆ. ಕಹಿ ಜಾತಿಯ ಮರಗೆಣಸನ್ನು ಜಜ್ಜಿದಾಗ ಇದೇ ರೀತಿಯಲ್ಲಿ ಸಯನೈಡ್ ಬಿಡುಗಡೆಯಾಗುತ್ತದೆ. ಅದನ್ನು ಹಸಿಯಾಗಿ ತಿನ್ನಬಾರದು ಎನ್ನುವುದು ಅದಕ್ಕೇ. ಭೇದಿಗೆ ಬಳಸುವ ಸೋನಾಮುಖಿ ಎಲೆಯಲ್ಲಿರುವುದೂ ಗ್ಲೈಕೋಸೈಡ್. ಅದು ಸಕ್ಕರೆಯ ಜೊತೆಗೇ ಸಣ್ಣ ಕರುಳನ್ನು ದಾಟಿ, ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಸಕ್ಕರೆಯನ್ನು ಬಿಡಿಸಿದ ಮೇಲೆ ಕೆಲಸ ಆರಂಭಿಸುತ್ತದೆ. ರಾತ್ರಿ ತೆಗೆದುಕೊಂಡರೆ ಬೆಳಿಗ್ಗೆ ಫಲ ಸಿಗುವುದು ಈ ಕಾರಣಕ್ಕೆ.

ಡಿಗಾಕ್ಸಿನ್ ಹೃದಯದಲ್ಲಿ ಏನು ಮಾಡುತ್ತದೆ ಎಂಬುದು 20ನೇ ಶತಮಾನದ ನಡುವೆ ತಿಳಿಯಿತು. ನಮ್ಮ ಜೀವಕೋಶಗಳ ಪೊರೆಯಲ್ಲಿ ಸೋಡಿಯಂ ಹೊರಗೆ ಹಾಕಿ ಪೊಟ್ಯಾಷಿಯಂ ಒಳಗೆ ತರುವ ಒಂದು ಪಂಪ್ ಇದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ 1957ರಲ್ಲಿ ಇದರ ಬಗ್ಗೆ ಬರೆದರು, 1997ರಲ್ಲಿ ಅವರಿಗೆ ನೊಬೆಲ್ ಬಂತು. ಡಿಗಾಕ್ಸಿನ್ ಈ ಪಂಪನ್ನು ಸ್ವಲ್ಪ ತಡೆಯುತ್ತದೆ. ಅದರಿಂದ ಹೃದಯದ ಕೋಶದಲ್ಲಿ ಕ್ಯಾಲ್ಸಿಯಂ ಹೆಚ್ಚಿ, ಸ್ನಾಯು ಇನ್ನಷ್ಟು ಬಲವಾಗಿ ಹಿಂಡುತ್ತದೆ. ನರದ ಮೂಲಕ ಬಡಿತದ ವೇಗವನ್ನೂ ಅದು ಇಳಿಸುತ್ತದೆ. ಹೃದಯ ಚೆನ್ನಾಗಿ ಹಿಂಡಿದರೆ ಕಿಡ್ನಿಗೆ ರಕ್ತ ಸಿಗುತ್ತದೆ, ನೀರು ಹೊರಹೋಗುತ್ತದೆ. ವಿದರಿಂಗ್ ಕಂಡ ಮೂತ್ರದ ಹಿಂದಿದ್ದದ್ದು ಹೃದಯ. ಪಂಪನ್ನು ಸ್ವಲ್ಪ ತಡೆದರೆ ಔಷಧಿ, ಹೆಚ್ಚು ತಡೆದರೆ ಲಯ ತಪ್ಪಿ ಸಾವು.

ಇಂದು ಹೃದಯ ವೈಫಲ್ಯಕ್ಕೆ ಡಿಗಾಕ್ಸಿನ್ ಮೊದಲ ಆಯ್ಕೆಯಲ್ಲ. 6,800 ರೋಗಿಗಳನ್ನು ಒಳಗೊಂಡು 1997ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಆಸ್ಪತ್ರೆಗೆ ಸೇರುವುದು ಕಡಿಮೆಯಾಯಿತೇ ಹೊರತು ಸಾವಿನ ಸಂಖ್ಯೆ ಕಡಿಮೆಯಾಗಲಿಲ್ಲ. ಬೇರೆ ಔಷಧಿಗಳು ಸಾಲದಾದಾಗ, ಏಟ್ರಿಯಲ್ ಫಿಬ್ರಿಲೇಶನ್ ಎಂಬ ಏರುಪೇರಿನ ಬಡಿತವಿದ್ದಾಗ ವೈದ್ಯರು ಇದನ್ನು ಬಳಸುತ್ತಾರೆ.

ಮನೆಯಲ್ಲಿ ಡಿಗಾಕ್ಸಿನ್ ಇದ್ದರೆ

ವಿದರಿಂಗ್ ಅವರ ಎರಡು ನಿಯಮಗಳು, ಅಂದರೆ ಅಳೆದು ಕೊಡುವುದು ಮತ್ತು ಲಕ್ಷಣ ಕಂಡಾಗ ನಿಲ್ಲಿಸುವುದು, ಇಂದಿಗೂ ಹೀಗೆ ಉಪಯೋಗಕ್ಕೆ ಬರುತ್ತವೆ.

ವೈದ್ಯರು ಬರೆದ ಪ್ರಮಾಣ ಮತ್ತು ದಿನಗಳನ್ನು ಬದಲಿಸಬೇಡಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

ಊಟ ಬೇಡವಾಗುವುದು, ವಾಕರಿಕೆ, ತಲೆಸುತ್ತು, ಗೊಂದಲ, ಹಳದಿ ಹಸಿರು ನೋಟ, ನಾಡಿ 60ಕ್ಕಿಂತ ಕೆಳಗೆ ಇಳಿಯುವುದು ಇವುಗಳಲ್ಲಿ ಯಾವುದು ಕಂಡರೂ ಮುಂದಿನ ಮಾತ್ರೆಗೆ ಮೊದಲೇ ವೈದ್ಯರಿಗೆ ಫೋನ್ ಮಾಡಿ. ವಯಸ್ಸಾದವರಲ್ಲಿ ಊಟ ಬೇಡವೆನ್ನುವುದೇ ಮೊದಲ ಸೂಚನೆಯಾಗಿರಬಹುದು.

ಡಿಗಾಕ್ಸಿನ್ ಹೊರಹೋಗುವುದು ಹೆಚ್ಚಾಗಿ ಕಿಡ್ನಿಯ ಮೂಲಕ. ಕಿಡ್ನಿ ಸೋತರೆ ಅದೇ ಪ್ರಮಾಣ ವಿಷವಾಗುತ್ತದೆ. ಜೋರು ವಾಂತಿ ಭೇದಿಯಾದಾಗಲೂ ವೈದ್ಯರಿಗೆ ತಿಳಿಸಿ. ಹೊಸ ವೈದ್ಯರ ಬಳಿ ಹೋದಾಗ ಡಿಗಾಕ್ಸಿನ್ ತೆಗೆದುಕೊಳ್ಳುತ್ತಿರುವುದನ್ನು ಮೊದಲು ಹೇಳಿ. ಅಮಿಯೊಡರೋನ್, ವೆರಪಮಿಲ್, ಕ್ಲಾರಿತ್ರೊಮೈಸಿನ್ ಮೊದಲಾದವು ರಕ್ತದಲ್ಲಿ ಇದರ ಮಟ್ಟವನ್ನು ಏರಿಸುತ್ತವೆ.

ರಕ್ತದಲ್ಲಿ ಪೊಟ್ಯಾಷಿಯಂ ಕಡಿಮೆಯಾದರೆ ಡಿಗಾಕ್ಸಿನ್ ಪಂಪಿಗೆ ಇನ್ನೂ ಬಿಗಿಯಾಗಿ ಅಂಟುತ್ತದೆ. ನೀರು ಇಳಿಸುವ ಮಾತ್ರೆಗಳು ಪೊಟ್ಯಾಷಿಯಂ ಇಳಿಸಬಹುದು. ಕೆಮ್ಮಿಗೆಂದು ದಿನವೂ ಕುಡಿಯುವ ಜ್ಯೇಷ್ಠಮಧು ಕಷಾಯವೂ, ಮಲಬದ್ಧತೆಗೆಂದು ದಿನವೂ ತೆಗೆದುಕೊಳ್ಳುವ ಸೋನಾಮುಖಿಯೂ ಅದನ್ನೇ ಮಾಡಬಹುದು. ಹಾಗೆಂದು ಪೊಟ್ಯಾಷಿಯಂ ಸಿರಪ್ಪನ್ನು ನೀವಾಗಿಯೇ ಕೊಡಬೇಡಿ. ಅದು ಹೆಚ್ಚಾದರೂ ಹೃದಯಕ್ಕೆ ಅಪಾಯ.

ಕೊನೆಯದಾಗಿ, ಫಾಕ್ಸ್‌ಗ್ಲೋವ್ ನಮ್ಮ ಬೇಲಿಯಲ್ಲಿ ಇಲ್ಲದಿದ್ದರೂ ಅದೇ ಗುಂಪಿನ ವಿಷ ನಮ್ಮ ಅಂಗಳದಲ್ಲಿದೆ. ಪೂಜೆಗೆ ಹೂ ಬಿಡಿಸುವ ಕಣಗಿಲೆ, ಹಳದಿ ಕಣಗಿಲೆ ಎರಡರಲ್ಲೂ ಹೃದಯಕ್ಕೆ ನಾಟುವ ಗ್ಲೈಕೋಸೈಡ್‌ಗಳಿವೆ. ಹೂ ಮುಟ್ಟಿದರೆ ತೊಂದರೆಯಿಲ್ಲ. ಅದರ ಎಲೆ, ಬೇರು, ಬೀಜಗಳನ್ನು ಮನೆಮದ್ದಾಗಿ ಬಳಸಲೇಬೇಡಿ, ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಯಾರಾದರೂ ತಿಂದದ್ದು ಗೊತ್ತಾದರೆ ಲಕ್ಷಣ ಕಾಣಲಿ ಎಂದು ಕಾಯದೆ, ಇಸಿಜಿ ಸೌಲಭ್ಯವಿರುವ ಆಸ್ಪತ್ರೆಗೆ ತಕ್ಷಣ ಕರೆದೊಯ್ಯಿರಿ. ಸಾಧ್ಯವಾದರೆ ತಿಂದ ಗಿಡದ ಒಂದು ರೆಂಬೆಯನ್ನೂ ಜೊತೆಗೆ ಒಯ್ಯಿರಿ. ವೈದ್ಯರಿಗೆ ಅದು ಸಮಯ ಉಳಿಸುತ್ತದೆ.